ಓದಿಗೆ ಮುನ್ನ ಸ್ತುತಿ: ಟೋರಾ ಅಧ್ಯಯನದ ಒಂದು ಯಹೂದಿ ಕಟ್ಟಳೆ

ಯಹೂದಿ ಧರ್ಮದಲ್ಲಿ ಟೋರಾ ಓದುವುದು ಜ್ಞಾನ ಸಂಪಾದನೆ ಮಾತ್ರವಲ್ಲ, ಅದೂ ಒಂದು ಆರಾಧನೆ. ಆ ಓದನ್ನು ಆರಂಭಿಸುವ ಮುನ್ನ ದೇವರನ್ನು ಸ್ತುತಿಸುವ ಕೆಲವು ಗೊತ್ತಾದ ಮಾತುಗಳನ್ನು ಹೇಳಲೇಬೇಕೆಂಬುದು ಅವರ ಧರ್ಮಶಾಸ್ತ್ರದ ಕಟ್ಟಳೆ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ಬಿರ್ಕತ್ ಹಾ-ಟೋರಾ’, ಅಂದರೆ ಟೋರಾದ ಸ್ತುತಿವಚನ ಎಂದು ಹೆಸರು. ಬೆಳಿಗ್ಗೆ ಎದ್ದು ಕೈ ತೊಳೆದ ಮೇಲೆ ದಿನಕ್ಕೊಮ್ಮೆ ಹೇಳಿದರೆ ಸಾಕು; ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಆದರೆ ಇಷ್ಟು ಚಿಕ್ಕ ವಿಧಿಯ ಬಗ್ಗೆ ಯಹೂದಿ ಪಂಡಿತರು ಕ್ರಿ.ಶ. 3ನೆಯ ಶತಮಾನದಿಂದ ಇಂದಿನವರೆಗೂ ವಾದ ಮಾಡುತ್ತ ಬಂದಿದ್ದಾರೆ. ಬಾಯಿ ತೆರೆಯದೆ ಮನಸ್ಸಿನಲ್ಲೇ ಓದಿಕೊಂಡರೆ ಸ್ತುತಿ ಹೇಳಬೇಕೆ? ಮಧ್ಯಾಹ್ನ ಮಲಗಿ ಎದ್ದರೆ ಮತ್ತೆ ಹೇಳಬೇಕೆ? ರಾತ್ರಿಯಿಡೀ ನಿದ್ದೆಗೆಟ್ಟು ಓದಿದವರು ಬೆಳಗಾದಾಗ ಏನು ಮಾಡಬೇಕು? ಓದುವ ಹೊಣೆಯೇ ಇಲ್ಲ ಎಂದು ಶಾಸ್ತ್ರ ವಿನಾಯಿತಿ ಕೊಟ್ಟ ಹೆಂಗಸರು ಇದನ್ನು ಹೇಳಬಹುದೆ? ಬಿಡಿಬಿಡಿಯಾಗಿ ಕಾಣುವ ಇಂಥ ಹಲವು ಪ್ರಶ್ನೆಗಳ ಬೇರು ಒಂದೇ. ಈ ಸ್ತುತಿ ಓದು ಎಂಬ ಕರ್ತವ್ಯಕ್ಕೆ ಸಲ್ಲುವುದೋ, ಟೋರಾ ಎಂಬ ಕೊಡುಗೆಗೆ ಸಲ್ಲುವುದೋ ಎಂಬುದೇ ಆ ಬೇರು.

ಟೋರಾ, ಸ್ತುತಿವಚನ

ಟೋರಾ ಎಂದರೆ ಮೊದಲನೆಯದಾಗಿ ಮೋಶೆಯ ಐದು ಗ್ರಂಥಗಳು. ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಈ ಭಾಗವೇ ಕ್ರೈಸ್ತರ ಬೈಬಲ್ಲಿನಲ್ಲೂ ಮೊದಲು ಬರುತ್ತದೆ. ವಿಶಾಲವಾದ ಅರ್ಥದಲ್ಲಿ ಪ್ರವಾದಿಗಳ ಗ್ರಂಥಗಳು, ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ ಎಂಬ ಕಟ್ಟಳೆಗಳ ಸಂಹಿತೆ, ಅದರ ಮೇಲಿನ ಚರ್ಚೆಗಳು ಸೇರಿದ ತಾಲ್ಮೂಡ್, ವಚನಗಳಿಗೆ ವ್ಯಾಖ್ಯಾನವಾದ ಮಿದ್ರಾಶ್, ಇವೆಲ್ಲವೂ ಟೋರಾದೊಳಗೇ ಸೇರುತ್ತವೆ. ಟೋರಾವನ್ನು ಹಗಲಿರುಳು ಮನನ ಮಾಡಬೇಕೆಂಬ ಆದೇಶ ಯೆಹೋಶುವನ ಗ್ರಂಥದ ಮೊದಲ ಅಧ್ಯಾಯದಲ್ಲೇ ಇದೆ.

ಸ್ತುತಿವಚನ ಯಹೂದಿಗಳ ದಿನಚರಿಯ ಉದ್ದಕ್ಕೂ ಹಬ್ಬಿರುವ ಆಚರಣೆ. ರೊಟ್ಟಿ ತಿನ್ನುವ ಮುನ್ನ, ಹಣ್ಣು ತಿನ್ನುವ ಮುನ್ನ, ಗುಡುಗು ಕೇಳಿದಾಗ, ಹಬ್ಬದ ದೀಪ ಹಚ್ಚುವಾಗ, ಒಂದೊಂದಕ್ಕೂ ಒಂದೊಂದು ಮಾತು ಗೊತ್ತಾಗಿದೆ. ದಿನಕ್ಕೆ ನೂರು ಸ್ತುತಿ ಹೇಳಬೇಕೆಂದು 2ನೆಯ ಶತಮಾನದ ರಬ್ಬಿ, ಅಂದರೆ ಧರ್ಮಗುರು, ಮೇಯಿರ್ ಹೇಳಿದ್ದಾಗಿ ತಾಲ್ಮೂಡ್ ದಾಖಲಿಸುತ್ತದೆ. ಇವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಉಣ್ಣುವುದು, ಮೂಸುವುದು ಮುಂತಾದ ಭೋಗಕ್ಕೆ ಮುನ್ನ ಹೇಳುವಂಥವು ಒಂದು ಬಗೆ. ಧಾರ್ಮಿಕ ಕರ್ತವ್ಯವೊಂದನ್ನು ಮಾಡುವ ಮುನ್ನ ಹೇಳುವಂಥವು ಎರಡನೆಯ ಬಗೆ. ಕೇವಲ ಕೊಂಡಾಟಕ್ಕೆ, ಕೃತಜ್ಞತೆಗೆ ಹೇಳುವಂಥವು ಮೂರನೆಯ ಬಗೆ. ಟೋರಾದ ಸ್ತುತಿ ಇವುಗಳಲ್ಲಿ ಯಾವ ಬಗೆಗೆ ಸೇರುತ್ತದೆ ಎಂಬಲ್ಲಿಂದಲೇ ತಕರಾರು ಆರಂಭವಾಗುತ್ತದೆ.

ಎಲ್ಲಿಂದ ಬಂತು

ಈ ಕಟ್ಟಳೆಯ ಮುಖ್ಯ ಆಕರ ಬಾಬಿಲೋನಿನ ತಾಲ್ಮೂಡಿನ ಬೆರಾಖೋತ್ ಎಂಬ ಪ್ರಕರಣ. ಸ್ತುತಿವಚನಗಳಿಗೇ ಮೀಸಲಾದ ಪ್ರಕರಣ ಅದು. ಬಾಬಿಲೋನಿನ ಸೂರಾ ಎಂಬಲ್ಲಿ ಪಾಠಶಾಲೆ ಕಟ್ಟಿದ, ರಾವ್ ಎಂದೇ ಹೆಸರಾದ 3ನೆಯ ಶತಮಾನದ ಪಂಡಿತರ ಮಾತು ಅಲ್ಲಿ ಬರುತ್ತದೆ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲಿ ಮೋಶೆ ತನ್ನ ಕೊನೆಯ ಗೀತೆಯನ್ನು ಹೇಳತೊಡಗುವಾಗ, ದೇವರ ಹೆಸರನ್ನೆತ್ತಿದೊಡನೆ ಅವನ ಹಿರಿಮೆಯನ್ನು ಸಾರಿರೆಂದು ಜನರನ್ನು ಕರೆಯುತ್ತಾನೆ. ಟೋರಾದ ಮಾತನ್ನು ಆಡುವ ಮುನ್ನ ಸ್ತುತಿ ಇರಬೇಕೆಂಬುದಕ್ಕೆ ರಾವ್ ಈ ವಚನವನ್ನೇ ಆಧಾರವಾಗಿ ತೋರಿಸಿದರು.

ಇನ್ನೊಂದು ಆಧಾರ ತರ್ಕದ್ದು. ಈ ಲೋಕದ ಅಲ್ಪಕಾಲದ ಬಾಳಿಗೆ ಬೇಕಾದ ಅನ್ನಕ್ಕೇ ಸ್ತುತಿ ಸಲ್ಲಿಸಬೇಕಾದರೆ, ಶಾಶ್ವತವಾದ ಬಾಳಿಗೆ ದಾರಿಯಾದ ಟೋರಾಕ್ಕೆ ಸಲ್ಲಿಸಬೇಕಾದ್ದರಲ್ಲಿ ಸಂಶಯವೇ ಇಲ್ಲ ಎಂಬುದು ಅದರ ತಿರುಳು.

ಈ ಸ್ತುತಿಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬ ಬಗ್ಗೆ ತಾಲ್ಮೂಡಿನ ನೆದಾರೀಮ್ ಪ್ರಕರಣದಲ್ಲಿ ಒಂದು ಕಟುವಾದ ಮಾತಿದೆ. ನಾಡು ಏಕೆ ಹಾಳಾಯಿತು ಎಂದು ಪ್ರವಾದಿ ಯೆರೆಮೀಯನ ಗ್ರಂಥ ಕೇಳುತ್ತದೆ. ಈ ಪ್ರಶ್ನೆಗೆ ಪಂಡಿತರೂ ಪ್ರವಾದಿಗಳೂ ಉತ್ತರ ಹೇಳಲಾರದೆ ಹೋದರು, ಕೊನೆಗೆ ದೇವರೇ ಹೇಳಬೇಕಾಯಿತು ಎಂದು ತಾಲ್ಮೂಡ್ ವಿವರಿಸುತ್ತದೆ. ದೇವರು ಕೊಟ್ಟ ಕಾರಣವನ್ನು ರಾವ್ ಅರ್ಥೈಸಿದ್ದು ಹೀಗೆ: ಜನ ಟೋರಾಕ್ಕೆ ಮೊದಲು ಸ್ತುತಿ ಹೇಳುತ್ತಿರಲಿಲ್ಲ. ವಿಗ್ರಹಾರಾಧನೆ, ಕೊಲೆಯಂಥ ಪಾಪಗಳಿರುವಾಗ ಇಷ್ಟು ಸಣ್ಣ ಲೋಪಕ್ಕೆ ನಾಡು ನಾಶವಾಗುವುದುಂಟೆ? 14ನೆಯ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ರಬ್ಬೇನು ನಿಸ್ಸೀಮ್, ತಮಗಿಂತ ಹಿಂದಿನ ರಬ್ಬೇನು ಯೋನಾ ಅವರ ವಿವರಣೆಯನ್ನು ಇಲ್ಲಿ ಎತ್ತಿ ಹೇಳುತ್ತಾರೆ. ಅವರ ಪ್ರಕಾರ ಆ ಕಾಲದ ಜನ ಟೋರಾ ಓದುತ್ತಿದ್ದರು, ಚೆನ್ನಾಗಿಯೇ ಓದುತ್ತಿದ್ದರು. ಪಂಡಿತರಿಗೂ ಪ್ರವಾದಿಗಳಿಗೂ ಕಾರಣ ತಿಳಿಯದೆ ಹೋದದ್ದು ಅದರಿಂದಲೇ. ಆದರೆ ಸ್ತುತಿ ಹೇಳಿ ಸ್ವೀಕರಿಸುವಷ್ಟು ಬೆಲೆ ಟೋರಾಕ್ಕಿದೆ ಎಂದು ಆ ಜನರಿಗೆ ಅನ್ನಿಸಿರಲಿಲ್ಲ. ಅದು ದೇವರಿಗಷ್ಟೇ ಕಂಡ ಒಳಗಿನ ದೋಷ. ಓದಿನ ಪ್ರಮಾಣಕ್ಕಿಂತ ಓದುವವನ ಮನೋಭಾವ ಮುಖ್ಯ ಎಂಬ ಈ ವಿವರಣೆಯನ್ನು ಮುಂದಿನ ಶಾಸ್ತ್ರಕಾರರೆಲ್ಲ ಮತ್ತೆ ಮತ್ತೆ ನೆನೆದಿದ್ದಾರೆ. 1565ರಲ್ಲಿ ವೆನಿಸ್ಸಿನಲ್ಲಿ ಮೊದಲು ಅಚ್ಚಾದ ‘ಶುಲ್ಹಾನ್ ಆರೂಖ್’ ಎಂಬ ಪ್ರಮಾಣ ಗ್ರಂಥದಲ್ಲಿ ರಬ್ಬಿ ಯೋಸೆಫ್ ಕಾರೋ ಈ ವಿಷಯಕ್ಕೆ ಒಂದು ಇಡೀ ಅಧ್ಯಾಯವನ್ನು, ಅಂದರೆ ಮೊದಲ ಸಂಪುಟದ 47ನೆಯ ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಈ ಸ್ತುತಿಯ ವಿಷಯದಲ್ಲಿ ತುಂಬ ಎಚ್ಚರ ಬೇಕೆಂಬುದೇ ಅದರ ಮೊದಲ ಕಟ್ಟಳೆ.

ಮೂರು ಪಾಠ, ಮೂರು ಭಾವ

ಏನೆಂದು ಸ್ತುತಿಸಬೇಕೆಂಬ ಪ್ರಶ್ನೆಗೆ ತಾಲ್ಮೂಡಿನಲ್ಲಿ ಮೂರು ಉತ್ತರಗಳಿವೆ. ಬಾಬಿಲೋನಿನ ನೆಹರ್ದೆಯಾ ಊರಿನ ಶ್ಮುಯೆಲ್ ಕೊಟ್ಟದ್ದು ಕರ್ತವ್ಯದ ಸ್ತುತಿ. ತನ್ನ ಆಜ್ಞೆಗಳಿಂದ ನಮ್ಮನ್ನು ಪವಿತ್ರಗೊಳಿಸಿ, ಟೋರಾದಲ್ಲಿ ತೊಡಗಿಕೊಳ್ಳಲು ವಿಧಿಸಿದ ದೇವರನ್ನು ಅದು ಕೊಂಡಾಡುತ್ತದೆ. ಗಲಿಲಾಯದ ತಿಬೇರಿಯದಲ್ಲಿದ್ದ ರಬ್ಬಿ ಯೋಹಾನಾನ್ ಕೊಟ್ಟದ್ದು ಬೇಡಿಕೆ. ಟೋರಾದ ಮಾತು ಬಾಯಿಗೆ ಸಿಹಿಯಾಗಲಿ, ನಾವೂ ನಮ್ಮ ಮಕ್ಕಳುಮರಿಯೂ ಅದನ್ನು ಅರಿತು ಬಾಳುವಂತಾಗಲಿ ಎಂಬುದು ಅದರ ಆಶಯ. ರಾವ್ ಹಮ್ನೂನಾ ಕೊಟ್ಟದ್ದು ಕೃತಜ್ಞತೆ. ಎಲ್ಲ ಜನಾಂಗಗಳಿಂದ ನಮ್ಮನ್ನು ಆರಿಸಿ ತನ್ನ ಟೋರಾವನ್ನು ನಮಗೆ ಕೊಟ್ಟವನಿಗೆ ಸ್ತುತಿ ಎಂಬುದು ಅದರ ಭಾವ. ಈ ಮೂರರಲ್ಲಿ ರಾವ್ ಹಮ್ನೂನಾ ಅವರದೇ ಶ್ರೇಷ್ಠವೆಂದು ತಾಲ್ಮೂಡ್ ಹೇಳುತ್ತದೆ. ದೇವರು, ಟೋರಾ, ಜನ, ಮೂವರ ಹೊಗಳಿಕೆಯೂ ಅದರಲ್ಲಿದೆ ಎಂಬುದು ವ್ಯಾಖ್ಯಾನಕಾರ ರಾಶಿ ಕೊಡುವ ಕಾರಣ. 4ನೆಯ ಶತಮಾನದ ರಾವ್ ಪಾಪಾ ಜಗಳವನ್ನು ತಮ್ಮ ಎಂದಿನ ರೀತಿಯಲ್ಲಿ ಬಗೆಹರಿಸಿದರು: ಮೂರನ್ನೂ ಹೇಳಿಬಿಡಿ ಎಂದರು. ಇಂದಿಗೂ ಯಹೂದಿ ಪ್ರಾರ್ಥನಾ ಪುಸ್ತಕಗಳಲ್ಲಿ ಮೂರೂ ಒಂದರ ಹಿಂದೆ ಒಂದು ಅಚ್ಚಾಗುತ್ತವೆ. ಕರ್ತವ್ಯ, ಬೇಡಿಕೆ, ಕೃತಜ್ಞತೆ ಒಂದೇ ಉಸಿರಿನಲ್ಲಿ ಬರುವ ಈ ಜೋಡಣೆಯೇ ಮುಂದಿನ ವಾದಗಳಿಗೆಲ್ಲ ಎಡೆಮಾಡಿತು.

ಪಾಠದಲ್ಲಿ ಪಂಗಡಕ್ಕೆ ತಕ್ಕ ಹಾಗೆ ಸಣ್ಣ ವ್ಯತ್ಯಾಸಗಳಿವೆ. ಜರ್ಮನಿ, ಪೋಲೆಂಡ್ ಮೂಲದ ಅಶ್ಕೆನಾಜಿ ಯಹೂದಿಗಳು ಮೊದಲ ಸ್ತುತಿಯಲ್ಲಿ ಟೋರಾದಲ್ಲಿ ತೊಡಗಿಕೊಳ್ಳುವ ವಿಧಿಯನ್ನು ಹೆಸರಿಸುತ್ತಾರೆ. ಸ್ಪೇನ್ ಮತ್ತು ಪೂರ್ವದ ದೇಶಗಳ ಸೆಫಾರ್ದಿ ಯಹೂದಿಗಳು ಟೋರಾದ ಮಾತುಗಳ ಕುರಿತ ವಿಧಿ ಎಂದಷ್ಟೇ ಹೇಳುತ್ತಾರೆ. ಎಣಿಕೆಯಲ್ಲೂ ಒಮ್ಮತವಿಲ್ಲ. ಮಧ್ಯಯುಗದ ಶಾಸ್ತ್ರಕಾರ ಮೈಮೊನಿಡೀಸ್ ಮೂರು ಸ್ತುತಿ ಎಂದು ಲೆಕ್ಕ ಹಾಕಿದರೆ, ಫ್ರಾನ್ಸಿನ ರಬ್ಬೇನು ತಾಮ್ ಎರಡನೆಯದನ್ನು ಮೊದಲನೆಯದರ ಮುಂದುವರಿಕೆ ಎಂದರು. ಕಾರೋ ಎರಡನೆಯದರ ಮೊದಲಿಗೆ ‘ಮತ್ತು’ ಎಂಬರ್ಥದ ಒಂದಕ್ಷರವನ್ನು ಸೇರಿಸಿ ಹೇಳಬೇಕೆಂದು ವಿಧಿಸಿದರು. ಹಾಗೆ ಹೇಳಿದರೆ ಎರಡು ಎನ್ನುವವರಿಗೂ ಮೂರು ಎನ್ನುವವರಿಗೂ ಒಪ್ಪಿಗೆಯಾಗುತ್ತದೆ. ಪಕ್ಕದಲ್ಲಿ ನಿಂತು ಕೇಳುವವರು ಮೊದಲ ಭಾಗ ಮುಗಿದೊಡನೆ ‘ಆಮೆನ್’ ಅನ್ನಬೇಕೋ ಬೇಡವೋ ಎಂಬುದು ಮಾತ್ರ ಇಂದಿಗೂ ಆಯಾ ಊರಿನ ವಾಡಿಕೆಗೆ ಬಿಟ್ಟದ್ದು.

ಸ್ತುತಿ ಹೇಳಿದ ಮೇಲೆ ಓದು ತಡವಾಗಬಾರದು. ಅದಕ್ಕಾಗಿ ಪ್ರಾರ್ಥನಾ ಪುಸ್ತಕದಲ್ಲೇ ಒಂದು ಪುಟ್ಟ ಪಾಠವನ್ನು ಜೋಡಿಸಿದ್ದಾರೆ. ಅಶ್ಕೆನಾಜಿ ಪದ್ಧತಿಯಲ್ಲಿ ಮೊದಲು ಬರುವುದು ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ, ಯಾಜಕರು ಜನರನ್ನು ಹರಸುವ ಮೂರು ವಚನಗಳು. ಹೀಬ್ರೂವಿನಲ್ಲಿ ಅವು ಒಟ್ಟು 15 ಪದಗಳು. ಅದರ ಬೆನ್ನಿಗೆ ಮಿಶ್ನಾದ ಒಂದು ತುಣುಕು. ಬಡವರಿಗೆಂದು ಕೊಯ್ಯದೆ ಬಿಡುವ ಹೊಲದ ಮೂಲೆ, ಉಪಕಾರ, ಟೋರಾ ಅಧ್ಯಯನ ಮೊದಲಾದವುಗಳಿಗೆ ಇಷ್ಟೇ ಎಂಬ ಮಿತಿಯಿಲ್ಲ ಎಂದು ಅದು ಹೇಳುತ್ತದೆ. ಕೊನೆಗೆ ತಾಲ್ಮೂಡಿನ ಒಂದು ಭಾಗ. ತಂದೆತಾಯಿಯನ್ನು ಗೌರವಿಸುವುದೇ ಮೊದಲಾಗಿ ಇಹಪರಗಳೆರಡರಲ್ಲೂ ಫಲ ಕೊಡುವ ಸತ್ಕಾರ್ಯಗಳನ್ನು ಪಟ್ಟಿಮಾಡಿ, ಟೋರಾದ ಓದು ಅವೆಲ್ಲಕ್ಕೂ ಸಮ ಎಂದು ಅದು ಮುಗಿಯುತ್ತದೆ. ಹೀಗೆ ಧರ್ಮಗ್ರಂಥ, ಮಿಶ್ನಾ, ತಾಲ್ಮೂಡ್ ಮೂರರ ರುಚಿಯನ್ನೂ ನೋಡಿದ ಹಾಗಾಗುತ್ತದೆ. ಆಮೇಲೆ ದಿನವಿಡೀ ದುಡಿಮೆಯಲ್ಲೇ ಕಳೆದುಹೋದರೂ ಸ್ತುತಿ ವ್ಯರ್ಥವಾಗುವುದಿಲ್ಲ.

ಯಾವ ಓದಿಗೆ

ಯಾವುದನ್ನು ಓದಿದರೆ ಸ್ತುತಿ ಬೇಕು ಎಂಬುದೂ ಒಮ್ಮೆಲೇ ತೀರ್ಮಾನವಾದದ್ದಲ್ಲ. ಧರ್ಮಗ್ರಂಥದ ವಚನಗಳಿಗೆ ಬೇಕು, ಮಿದ್ರಾಶಿಗೆ ಬೇಡ ಎಂದು ತಾಲ್ಮೂಡಿನ ಪಂಡಿತ ರಾವ್ ಹೂನಾ ಹೇಳಿದರು. ಮಿದ್ರಾಶಿಗೂ ಬೇಕು, ಮಿಶ್ನಾಕ್ಕೆ ಬೇಡ ಎಂದು ರಬ್ಬಿ ಎಲಾಜಾರ್ ಹೇಳಿದರು. ರಬ್ಬಿ ಯೋಹಾನಾನ್ ಮಿಶ್ನಾವನ್ನೂ ಸೇರಿಸಿದರು. 4ನೆಯ ಶತಮಾನದ ರಾವಾ ತಾಲ್ಮೂಡಿನ ಚರ್ಚೆಯನ್ನೂ ಸೇರಿಸಿದರು. ಇದಕ್ಕೆ ಸಾಕ್ಷಿಯಾಗಿ ಗುರುಕುಲದ ಒಂದು ನೆನಪು ಬರುತ್ತದೆ. ರಾವ್ ಅವರ ಶಿಷ್ಯ ಹಿಯ್ಯಾ ಬಾರ್ ಆಶಿ ತಾವು ಎಷ್ಟೋ ಸಲ ಗುರುಗಳ ಮುಂದೆ ಯಾಜಕಕಾಂಡದ ವ್ಯಾಖ್ಯಾನವನ್ನು ಕಲಿಯಲು ನಿಂತದ್ದನ್ನು ಹೇಳುತ್ತಾರೆ. ಗುರುಗಳು ಮೊದಲು ಕೈ ತೊಳೆದುಕೊಳ್ಳುತ್ತಿದ್ದರು, ಸ್ತುತಿ ಹೇಳುತ್ತಿದ್ದರು, ಆಮೇಲಷ್ಟೇ ಪಾಠ ಹೇಳಿಕೊಡುತ್ತಿದ್ದರು. ಗುರು ನಡೆದುಕೊಂಡ ರೀತಿಯೇ ಇಲ್ಲಿ ಪ್ರಮಾಣ. ಕೊನೆಗೆ ನಾಲ್ಕು ಬಗೆಯ ಓದಿಗೂ ಸ್ತುತಿ ಬೇಕೆಂಬುದೇ ಶಾಸ್ತ್ರವಾಯಿತು. ಈ ಚರ್ಚೆಯ ಮೆಟ್ಟಿಲುಗಳನ್ನು ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ದೇವರ ಮಾತೆಂದು ನಂಬಿದ ಮೂಲ ವಚನಕ್ಕೆ ಸಲ್ಲುವ ಗೌರವ, ಅದರ ಮೇಲೆ ಮನುಷ್ಯರು ನಡೆಸಿದ ವಾದವಿವಾದಕ್ಕೂ ಸಲ್ಲುತ್ತದೆ ಎಂದು ಇದರಿಂದ ಸ್ಥಾಪಿತವಾಯಿತು.

ಪ್ರಾರ್ಥನೆಯೊಳಗೆ ಬರುವ ವಚನಗಳ ಕಥೆ ಬೇರೆ. ದೇವರ ಮುಂದೆ ಬೇಡಿಕೊಳ್ಳಲು ವಚನವೊಂದನ್ನು ಹೇಳಿದರೆ ಅದು ಓದಾಗುವುದಿಲ್ಲ ಎಂಬುದು ಒಂದು ಮತ. ಆದರೂ ಸ್ತುತಿಗೆ ಮುನ್ನ ಹೇಳದಿರುವುದು ಲೇಸೆಂಬುದು ಇನ್ನೊಂದು. ಎರಡನ್ನೂ ಒಪ್ಪಿಸಲು ಬೆಳಗಿನ ಪ್ರಾರ್ಥನೆಯ ತೀರ ಮೊದಲಲ್ಲೇ ಟೋರಾದ ಸ್ತುತಿಯನ್ನು ಇಡುವ ಕ್ರಮ ರೂಢಿಗೆ ಬಂತು.

ಬಾಯಿ, ಲೇಖನಿ, ಮನಸ್ಸು

ಬಾಯಿಬಿಟ್ಟು ಓದಿದರೆ ಸ್ತುತಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಟೋರಾದ ವಿಷಯವನ್ನು ಮನಸ್ಸಿನಲ್ಲೇ ಯೋಚಿಸುವವನಿಗೆ ಬೇಕಿಲ್ಲ ಎಂದು ‘ಶುಲ್ಹಾನ್ ಆರೂಖ್’ ಹೇಳುತ್ತದೆ. ತುಟಿ ಅಲ್ಲಾಡಿಸದೆ ಪುಸ್ತಕದ ಮೇಲೆ ಕಣ್ಣಾಡಿಸುವುದನ್ನೂ ಸಾಮಾನ್ಯವಾಗಿ ಇದೇ ಸಾಲಿಗೆ ಸೇರಿಸುತ್ತಾರೆ. ಕ್ರಾಕೋವ್ ನಗರದ ರಬ್ಬಿ ಮೋಶೆ ಇಸ್ಸೆರ್ಲೆಸ್ ಇದಕ್ಕೆ ಇನ್ನೊಂದು ವಿನಾಯಿತಿ ಸೇರಿಸಿದರು. ಕಾರಣ ವಿವರಿಸದೆ ಇದು ಸರಿ, ಇದು ತಪ್ಪು ಎಂದಷ್ಟೇ ತೀರ್ಪು ಹೇಳುವವನಿಗೂ ಸ್ತುತಿ ಬೇಡ. ಆದರೆ ವಿಲ್ನಾದ ಗಾವೋನ್ ಎಂದು ಹೆಸರಾದ ರಬ್ಬಿ ಎಲಿಯಾಹು (1720–1797) ಇದನ್ನು ಒಪ್ಪಲಿಲ್ಲ. ಹಗಲಿರುಳು ಮನನ ಮಾಡಬೇಕೆಂಬ ಆದೇಶ ಮನಸ್ಸಿಗೇ ಸಂಬಂಧಿಸಿದ್ದು; ಯೋಚನೆಯೂ ಓದೇ ಆದ್ದರಿಂದ ಅದಕ್ಕೂ ಸ್ತುತಿ ಬೇಕು ಎಂದು ಅವರು ವಾದಿಸಿದರು.

ಬರೆಯುವವನ ಸ್ಥಿತಿ ಇವೆರಡರ ನಡುವಿನದು. ಟೋರಾದ ಮಾತುಗಳನ್ನು ಬರೆಯುವವನು ಬಾಯಿಬಿಟ್ಟು ಓದದಿದ್ದರೂ ಸ್ತುತಿ ಹೇಳಬೇಕೆಂದು ಕಾರೋ ವಿಧಿಸಿದರು. ಯೋಚನೆಗೆ ಇಲ್ಲದ ಸ್ತುತಿ ಬರಹಕ್ಕೆ ಏಕೆ ಎಂದು ಮುಂದಿನವರು ಕೇಳಿದರು. ಬರಹ ಒಂದು ಕ್ರಿಯೆ, ಬರೆಯುವಾಗ ಬಾಯಿಂದ ಒಂದೆರಡು ಮಾತು ತಾನಾಗಿಯೇ ಹೊರಡುತ್ತದೆ ಎಂಬಂಥ ಸಮಾಧಾನಗಳು ಬಂದವು. ಎಲ್ಲರಿಗೂ ಅವು ಒಪ್ಪಿಗೆಯಾಗಲಿಲ್ಲ. ವ್ಯವಹಾರದಲ್ಲಿ ಮಾತ್ರ ಪರಿಹಾರ ಸುಲಭ. ಬರೆಯಲು ಕೂರುವವನು ಸ್ತುತಿ ಹೇಳಿ, ಎರಡು ವಚನಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಲೇಖನಿ ಹಿಡಿದರಾಯಿತು. ಆಗ ಎಲ್ಲರ ಮತಕ್ಕೂ ಸಲ್ಲುತ್ತದೆ.

ದಿನಕ್ಕೊಮ್ಮೆ ಏಕೆ

ಗುಡಾರದ ಹಬ್ಬದಲ್ಲಿ ಎಲೆಹೊದಿಸಿದ ಚಪ್ಪರದಡಿ ಊಟಕ್ಕೆ ಕೂರುವಾಗಲೆಲ್ಲ ಅದಕ್ಕೆ ಸಂಬಂಧಿಸಿದ ಸ್ತುತಿಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಟೋರಾ ಓದನ್ನು ಬೆಳಿಗ್ಗೆ ಮುಗಿಸಿ, ಅಂಗಡಿಗೆ ಹೋಗಿ, ಸಂಜೆ ಮತ್ತೆ ಪುಸ್ತಕ ತೆರೆದರೆ ಹೊಸದಾಗಿ ಏಕೆ ಹೇಳುವುದಿಲ್ಲ? ಮಧ್ಯಯುಗದ ಫ್ರಾನ್ಸಿನ ‘ತೋಸಫೋತ್’ ಪಂಡಿತರು ಕೇಳಿದ ಪ್ರಶ್ನೆಯಿದು. ಊಟಕ್ಕೆ ಹೊತ್ತುಗೊತ್ತುಂಟು, ಟೋರಾಕ್ಕಿಲ್ಲ. ಎಲ್ಲ ಗಳಿಗೆಯಲ್ಲೂ ಓದುವ ಹೊಣೆ ಇರುವುದರಿಂದ ಮನಸ್ಸು ಅದನ್ನು ಪೂರ್ತಿ ಕೈಬಿಡುವುದಿಲ್ಲ ಎಂದು ಅವರೇ ಉತ್ತರಿಸಿದರು. ಸ್ನಾನಕ್ಕೆ, ಶೌಚಕ್ಕೆ, ವ್ಯಾಪಾರಕ್ಕೆ ಎದ್ದು ಹೋದರೂ ಮತ್ತೆ ಹೇಳಬೇಕಿಲ್ಲ. ಅಲ್ಲೆಲ್ಲ ಪಾಲಿಸಬೇಕಾದ ಟೋರಾದ ಕಟ್ಟಳೆಗಳು ಇದ್ದೇ ಇವೆ, ಹಾಗಾಗಿ ಅದೂ ನಿಜವಾದ ಅಗಲಿಕೆಯಲ್ಲ ಎಂದು ಕೆಲವರು ಇದಕ್ಕೆ ಪುಷ್ಟಿ ಕೊಟ್ಟರು. ಒಬ್ಬನೇ ಕೂತು ಓದಿದ ಮೇಲೆ ಮುಕ್ತಾಯದ ಸ್ತುತಿ ಇಲ್ಲದಿರುವುದಕ್ಕೂ ಇದೇ ಕಾರಣ: ಮುಗಿಯಿತು ಎನ್ನುವ ಘಟ್ಟವೇ ಈ ಓದಿಗಿಲ್ಲ.

ದಿನವೊಂದರ ಗಡಿಯನ್ನು ಇಲ್ಲಿ ನಿದ್ದೆ ಗೊತ್ತುಮಾಡುತ್ತದೆ. ಯಹೂದಿಗಳ ದಿನ ಸಾಮಾನ್ಯವಾಗಿ ಸೂರ್ಯ ಮುಳುಗುವುದರೊಂದಿಗೆ ಆರಂಭವಾಗುತ್ತದೆ. ಈ ಕಟ್ಟಳೆಯಲ್ಲಿ ಮಾತ್ರ ರಾತ್ರಿ ಹಿಂದಿನ ಹಗಲಿಗೆ ಸೇರುತ್ತದೆ. ಮಲಗುವ ತನಕ ಬೆಳಗಿನ ಸ್ತುತಿಯೇ ಸಾಕು. ನಸುಕಿಗೆ ಮುಂಚೆಯೇ ಎದ್ದು ಓದುವವನು ಆಗಲೇ ಹೇಳಿಕೊಳ್ಳುತ್ತಾನೆ, ಆಮೇಲೆ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಮತ್ತೆ ಹೇಳುವುದಿಲ್ಲ. ಹಗಲಲ್ಲಿ ಹಾಸಿಗೆ ಹಾಸಿ ಗಾಢವಾಗಿ ಮಲಗಿದರೆ ಸ್ತುತಿ ಕಡಿದುಹೋಗುತ್ತದೆ ಎಂಬ ಮತವಿದ್ದರೂ, ಮತ್ತೆ ಹೇಳದಿರುವುದೇ ವಾಡಿಕೆ.

ಈ ಗಡಿ ನಿಜವಾಗಿ ಪರೀಕ್ಷೆಗೆ ಬೀಳುವುದು ಶಾವುವೊತ್ ಹಬ್ಬದಂದು. ಸಿನಾಯ್ ಬೆಟ್ಟದಲ್ಲಿ ಟೋರಾ ದೊರೆತ ದಿನವೆಂದು ಆಚರಿಸುವ ಈ ಹಬ್ಬದ ರಾತ್ರಿ ಸಿನಗಾಗುಗಳಲ್ಲೂ ಪಾಠಶಾಲೆಗಳಲ್ಲೂ ಜನ ಬೆಳಗಿನವರೆಗೆ ಕೂತು ಓದುತ್ತಾರೆ. ಬೆಳಗಾದಾಗ ಪ್ರಶ್ನೆ ಏಳುತ್ತದೆ: ನಿದ್ದೆಯೇ ಇಲ್ಲದ ಮೇಲೆ ನಿನ್ನೆಯ ಸ್ತುತಿ ಇನ್ನೂ ಜಾರಿಯಲ್ಲಿದೆಯೆ? ಬೆಳಗಿನ ಸ್ತುತಿ ಹೊಸ ಹಗಲಿಗೆಂದೇ ಇರುವುದು, ನಿದ್ದೆ ಮಾಡದಿದ್ದರೂ ಬೆಳಗಾದೊಡನೆ ಹೇಳಬೇಕು ಎಂಬುದು ಸೆಫಾರ್ದಿಗಳಲ್ಲಿ ಹರಡಿರುವ ಪದ್ಧತಿ. ಅಶ್ಕೆನಾಜಿಗಳು ಸಂದೇಹವನ್ನು ಬೇರೆ ದಾರಿಯಲ್ಲಿ ಕಳೆದುಕೊಳ್ಳುತ್ತಾರೆ. ರಾತ್ರಿ ಮನೆಗೆ ಹೋಗಿ ಮಲಗೆದ್ದು ಬಂದ ಒಬ್ಬನನ್ನು ಹುಡುಕುತ್ತಾರೆ. ಅವನು ಎಲ್ಲರಿಗೂ ಕೇಳುವಂತೆ ನಿಧಾನವಾಗಿ ಮೂರೂ ಸ್ತುತಿಗಳನ್ನು ಹೇಳುತ್ತಾನೆ. ತನ್ನ ಮಾತು ಉಳಿದವರ ಪರವಾಗಿಯೂ ಸಲ್ಲಲಿ ಎಂದು ಅವನು ಸಂಕಲ್ಪಿಸಬೇಕು. ತಮ್ಮ ಪರವಾಗಿ ಸಲ್ಲುತ್ತಿದೆ ಎಂದು ಕಣ್ಣು ಕೆಂಪಾದ ಕೇಳುಗರು ಸಂಕಲ್ಪಿಸಬೇಕು, ‘ಆಮೆನ್’ ಅನ್ನಬೇಕು. ಹಿಂದಿನ ಮಧ್ಯಾಹ್ನ ಹಾಸಿಗೆಯಲ್ಲಿ ಚೆನ್ನಾಗಿ ಮಲಗಿ ಎದ್ದವನು ತಾನೇ ಹೇಳಿಕೊಳ್ಳಬಹುದು ಎಂದು ಮುಂದಿನ ಕಾಲದ ಶಾಸ್ತ್ರಕಾರ ರಬ್ಬಿ ಅಕಿವಾ ಐಗರ್ ತೀರ್ಪು ಕೊಟ್ಟಿದ್ದಾರೆ. ಹಗಲ ನಿದ್ದೆಯೂ ಇರುಳು ಸರಿದು ಬಂದ ಬೆಳಗೂ ಸೇರಿ ಅವನ ವಿಷಯದಲ್ಲಿ ಸಂದೇಹವನ್ನು ತೆಗೆದುಹಾಕುತ್ತವೆ.

ಹೇಳಿದ್ದೇನೆಯೋ ಇಲ್ಲವೋ

ಬೆಳಿಗ್ಗೆ ಸ್ತುತಿ ಹೇಳಿದ್ದು ನೆನಪಿಗೆ ಬಾರದಿದ್ದರೆ ಏನು ಮಾಡಬೇಕು? ಬಹುಪಾಲು ಸ್ತುತಿಗಳ ವಿಷಯದಲ್ಲಿ ಸಂದೇಹ ಬಂದರೆ ಸುಮ್ಮನಿರಬೇಕು, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂಬುದು ಸಾಮಾನ್ಯ ನಿಯಮ. ಧರ್ಮಗ್ರಂಥವೇ ವಿಧಿಸಿದ ಕರ್ತವ್ಯವಾದರೆ ಸಂದೇಹವಿದ್ದರೂ ಮಾಡಲೇಬೇಕು. ಟೋರಾದ ಸ್ತುತಿ ಯಾವ ಸಾಲಿನದು? ಮೋಶೆಯ ಗ್ರಂಥಗಳಲ್ಲಿರುವ 613 ಆಜ್ಞೆಗಳನ್ನು ಪಟ್ಟಿಮಾಡಿದ ಮೈಮೊನಿಡೀಸ್ ಇದನ್ನು ಅದರಲ್ಲಿ ಸೇರಿಸಲಿಲ್ಲ. ಆ ಪಟ್ಟಿಗೆ ತಿದ್ದುಪಡಿ ಬರೆದ ಸ್ಪೇನಿನ ನಖ್ಮಾನಿಡೀಸ್ (1194–1270), ಇದು ಸ್ವತಂತ್ರವಾದ ಆಜ್ಞೆಯೇ ಎಂದು ಸೇರಿಸಿದರು. ದೇವರು ತನ್ನ ಟೋರಾವನ್ನು ಕೊಟ್ಟ ಮಹದುಪಕಾರಕ್ಕೆ ಕೃತಜ್ಞತೆ ಸಲ್ಲಿಸುವುದು ಆಜ್ಞೆಯ ತಿರುಳು ಎಂಬುದು ಅವರ ನಿಲುವು.

ಇಂದು ಅಶ್ಕೆನಾಜಿಗಳು ಹೆಚ್ಚಾಗಿ ಅನುಸರಿಸುವ ‘ಮಿಶ್ನಾ ಬೆರೂರಾ’ ಗ್ರಂಥದ ಕರ್ತೃ ರಬ್ಬಿ ಯಿಸ್ರಾಯೆಲ್ ಮೇಯಿರ್ ಕಾಗಾನ್ (1838–1933) ನಡುದಾರಿ ತೋರಿಸಿದ್ದಾರೆ. ಬೇರೆಯವರ ಬಾಯಿಂದ ಕೇಳಿಸಿಕೊಳ್ಳಲು ಸಾಧ್ಯವಾದರೆ ಅದೇ ಉತ್ತಮ. ಇಲ್ಲದಿದ್ದರೆ ಬೆಳಗಿನ ಪ್ರಾರ್ಥನೆಯಲ್ಲಿ ಬರುವ ‘ಅಹವಾ ರಬ್ಬಾ’ ಭಾಗ ನೆರವಿಗೆ ಬರುತ್ತದೆ. ಕಲಿಯುವ, ಕಲಿಸುವ ಬುದ್ಧಿಯನ್ನು ಕೊಡೆಂದು ಬೇಡುವ ಈ ಭಾಗ ಟೋರಾದ ಸ್ತುತಿಗೂ ಸಾಟಿ ಎಂದು ಶ್ಮುಯೆಲ್ ಹಿಂದೆಯೇ ಹೇಳಿದ್ದರು. ಅದನ್ನೇ ಸ್ತುತಿಯೆಂದು ಸಂಕಲ್ಪಿಸಿ, ಪ್ರಾರ್ಥನೆ ಮುಗಿದೊಡನೆ ಒಂದಿಷ್ಟು ಓದಬೇಕು; ತಡಮಾಡದೆ ಓದಬೇಕೆಂಬ ಷರತ್ತು ಇನ್ನೊಂದು ತಾಲ್ಮೂಡಾದ ಜೆರುಸಲೇಮಿನ ತಾಲ್ಮೂಡಿನದು. ಇದೂ ಆಗದಿದ್ದರೆ ಮೂರರಲ್ಲಿ ಶ್ರೇಷ್ಠವೆನಿಸಿದ ಕೃತಜ್ಞತೆಯ ಸ್ತುತಿಯನ್ನು ಮಾತ್ರ ಹೇಳಬಹುದು.

ಹೆಂಗಸರ ಸ್ತುತಿ

ಟೋರಾವನ್ನು ಮಕ್ಕಳಿಗೆ ಕಲಿಸಿರೆಂಬ ಆಜ್ಞೆ ಗಂಡುಮಕ್ಕಳಿಗೆ ಸಂಬಂಧಿಸಿದ್ದೆಂದು ತಾಲ್ಮೂಡ್ ಓದಿಕೊಂಡಿತು. ಆದ್ದರಿಂದ ಹೆಂಗಸರಿಗೆ ಓದಿನ ಹೊಣೆಯಿಲ್ಲ ಎಂಬುದು ಹಳೆಯ ಶಾಸ್ತ್ರ. ಹಾಗಿದ್ದೂ ಹೆಂಗಸರು ಟೋರಾದ ಸ್ತುತಿ ಹೇಳುತ್ತಾರೆ ಎಂದು ‘ಶುಲ್ಹಾನ್ ಆರೂಖ್’ 47ನೆಯ ಅಧ್ಯಾಯದ ಕೊನೆಯ ಕಟ್ಟಳೆಯಾಗಿ ಬರೆಯುತ್ತದೆ. ಇದನ್ನು ಸಮರ್ಥಿಸಲು ಮೂರು ವಾದಗಳು ಹುಟ್ಟಿದವು. ವಾರದ ವಿಶ್ರಾಂತಿ ದಿನವಾದ ಶಬ್ಬತ್ತಿನ ಆಚರಣೆ, ಊಟತಿಂಡಿಯ ನಿಯಮ ಮೊದಲಾಗಿ ತಮಗೆ ಅನ್ವಯಿಸುವ ಕಟ್ಟಳೆಗಳನ್ನು ಹೆಂಗಸರು ಕಲಿಯಲೇಬೇಕು, ಆ ಕಲಿಕೆಗೆ ಈ ಸ್ತುತಿ ಸಲ್ಲುತ್ತದೆ ಎಂಬುದು ಒಂದು. ಹೊಣೆಯಿಲ್ಲದ ಕರ್ತವ್ಯವನ್ನು ಇಷ್ಟಪಟ್ಟು ಮಾಡುವ ಹೆಂಗಸರೂ ಸ್ತುತಿ ಹೇಳಬಹುದು ಎಂಬ ರಬ್ಬೇನು ತಾಮರ ಮತವನ್ನು ವಿಲ್ನಾದ ಗಾವೋನ್ ಇಲ್ಲಿಗೆ ಅನ್ವಯಿಸಿದ್ದು ಎರಡನೆಯದು.

ಮೂರನೆಯದು ಬ್ರಿಸ್ಕ್ ಊರಿನ ಪಂಡಿತ ಮನೆತನದ್ದು. ಮೂಲ ಪ್ರಶ್ನೆಗೆ ನೇರವಾಗಿ ಕೈಹಾಕಿದವರು ಇವರೇ. ರಬ್ಬಿ ಹಾಯಿಮ್ ಸೊಲೊವೈಚಿಕ್ (1853–1918) ಹೇಳಿದರೆಂದು ಅವರ ಮಗ ದಾಖಲಿಸಿದ ಪ್ರಕಾರ, ಇದು ಓದುವ ಕರ್ತವ್ಯಕ್ಕೆ ಹೇಳುವ ಸ್ತುತಿಯೇ ಅಲ್ಲ. ಟೋರಾ ತಾನೇ ಸ್ತುತಿಯನ್ನು ಬಯಸುವ ವಸ್ತು. ಅದನ್ನು ಓದುವ ಹೊಣೆ ಯಾರಿಗಿದೆ, ಯಾರಿಗಿಲ್ಲ ಎಂಬುದು ಬೇರೆ ಪ್ರಶ್ನೆ; ಅದರ ಮುಂದೆ ಕೂತವರು ಯಾರೇ ಆದರೂ ಸ್ತುತಿ ಹೇಳುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಹೆಂಗಸರ ಸ್ತುತಿಗೆ ಬೇರೆ ಸಮರ್ಥನೆಯೇ ಬೇಕಿಲ್ಲ.

ಆಚರಣೆಯಲ್ಲೂ ಕಾಲ ಬದಲಾಯಿತು. 1917ರಲ್ಲಿ ಕ್ರಾಕೋವ್ ನಗರದಲ್ಲಿ ಸಾರಾ ಶೆನಿರೆರ್ ಹೆಣ್ಣುಮಕ್ಕಳಿಗಾಗಿ ‘ಬೇಸ್ ಯಾಕೋವ್’ ಶಾಲೆ ಆರಂಭಿಸಿದ ಮೇಲೆ, ಸಂಪ್ರದಾಯಸ್ಥ ಮನೆತನಗಳಲ್ಲೂ ಹೆಂಗಸರ ಕ್ರಮಬದ್ಧ ಧಾರ್ಮಿಕ ಶಿಕ್ಷಣ ಬೇರೂರಿತು. ಇಂದು ಅವರ ಮಟ್ಟಿಗೂ ಈ ಸ್ತುತಿ ದಿನದ ಓದಿಗೆ ನಿಜವಾದ ಪೀಠಿಕೆಯಾಗಿದೆ.

ಸಭೆಯ ನಡುವೆ

ಟೋರಾದ ಸ್ತುತಿ ಎಲ್ಲರ ಕಣ್ಣಿಗೆ ಬೀಳುವುದು ಸಿನಗಾಗಿನಲ್ಲಿ. ಸೋಮವಾರ, ಗುರುವಾರ ಮೂವರನ್ನೂ ಶಬ್ಬತ್ ಬೆಳಿಗ್ಗೆ ಏಳು ಮಂದಿಯನ್ನೂ ಹೆಸರು ಹಿಡಿದು ವೇದಿಕೆಗೆ ಕರೆಯುತ್ತಾರೆ. ಅಲ್ಲಿ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಟೋರಾದ ಸುರುಳಿ ಬಿಚ್ಚಿರುತ್ತದೆ. ಓದುಗ ಆ ದಿನದ ಭಾಗ ಆರಂಭವಾಗುವ ಜಾಗವನ್ನು ತೋರಿಸುತ್ತಾನೆ. ಕರೆಸಿಕೊಂಡವನು ಹೊದ್ದ ಶಾಲಿನ ಅಂಚಿನ ದಾರವನ್ನು ಆ ಜಾಗಕ್ಕೆ ಮುಟ್ಟಿಸಿ ತುಟಿಗೆ ಒತ್ತಿಕೊಳ್ಳುತ್ತಾನೆ. ಸುರುಳಿಯ ಮರದ ಹಿಡಿಗಳನ್ನು ಹಿಡಿದು ದೇವರನ್ನು ಸ್ತುತಿಸಿರೆಂದು ಸಭೆಯನ್ನು ಕರೆಯುತ್ತಾನೆ, ಸಭೆ ಓಗೊಡುತ್ತದೆ. ಆಮೇಲೆ ಅವನು ಹೇಳುವುದು ಬೆಳಗಿನ ಮೂರರಲ್ಲಿ ಕೊನೆಯದಾದ ಕೃತಜ್ಞತೆಯ ಸ್ತುತಿ. ಸ್ತುತಿಯ ಮಾತು ಸುರುಳಿಯಲ್ಲೇ ಬರೆದಿದೆ ಎಂದು ನೋಡುವವರು ಭ್ರಮಿಸಬಾರದೆಂದು, ಆ ಹೊತ್ತಿಗೆ ಮುಖವನ್ನು ಎಡಕ್ಕೆ ತಿರುಗಿಸಿಕೊಳ್ಳುವ ವಾಡಿಕೆಯನ್ನು ಇಸ್ಸೆರ್ಲೆಸ್ ದಾಖಲಿಸಿದ್ದಾರೆ. ಓದು ಮುಗಿದ ಮೇಲೆ, ಸತ್ಯದ ಟೋರಾವನ್ನು ಕೊಟ್ಟವನಿಗೆ ಸಲ್ಲುವ ಇನ್ನೊಂದು ಸ್ತುತಿ ಇರುತ್ತದೆ.

ಮಿಶ್ನಾದ ಕಾಲದಲ್ಲಿ ಮೊದಲ ಓದುಗ ಮಾತ್ರ ಆರಂಭದ ಸ್ತುತಿಯನ್ನೂ ಕೊನೆಯ ಓದುಗ ಮಾತ್ರ ಮುಕ್ತಾಯದ ಸ್ತುತಿಯನ್ನೂ ಹೇಳುತ್ತಿದ್ದರು. ತಡವಾಗಿ ಬಂದವರು ಆರಂಭಕ್ಕೆ ಸ್ತುತಿಯಿಲ್ಲವೆಂದೂ ಬೇಗ ಎದ್ದು ಹೋದವರು ಮುಕ್ತಾಯಕ್ಕೆ ಸ್ತುತಿಯಿಲ್ಲವೆಂದೂ ತಪ್ಪು ತಿಳಿಯುವ ಸಂಭವವಿದ್ದುದರಿಂದ, ಪ್ರತಿಯೊಬ್ಬನೂ ಎರಡನ್ನೂ ಹೇಳುವ ಕ್ರಮವನ್ನು ಪಂಡಿತರು ತಂದರು. ಮನೆಯಲ್ಲಿ ಆಗಷ್ಟೇ ಟೋರಾದ ಸ್ತುತಿ ಹೇಳಿ ಬಂದವನೂ ವೇದಿಕೆಯಲ್ಲಿ ಮತ್ತೆ ಹೇಳುತ್ತಾನೆ. ಬೆಳಗಿನದು ಅವನ ಸ್ವಂತದ್ದು, ಇದು ಸಭೆಯ ಮುಂದೆ ಟೋರಾಕ್ಕೆ ಸಲ್ಲಿಸುವ ಗೌರವ.

ಒಂದು ಮಾತಿನ ತಿದ್ದುಪಡಿ

ಎಲ್ಲ ಜನಾಂಗಗಳಿಂದ ಆರಿಸಿಕೊಂಡ ಎಂಬ ಮಾತು ಆಧುನಿಕ ಕಾಲದಲ್ಲಿ ಕೆಲವರಿಗೆ ಒಗ್ಗಲಿಲ್ಲ. ಅಮೆರಿಕದ ರಬ್ಬಿ ಮೊರ್ದೆಕೈ ಕಪ್ಲಾನ್ (1881–1983) ಅದನ್ನು ಕೈಬಿಟ್ಟು, ತನ್ನ ಸೇವೆಗೆ ನಮ್ಮನ್ನು ಹತ್ತಿರ ಕರೆದುಕೊಂಡವನಿಗೆ ಸ್ತುತಿ ಎಂಬ ಭಾವಕ್ಕೆ ಬದಲಿಸಿದರು. ಒಂದು ಜನಾಂಗ ಇನ್ನೊಂದಕ್ಕಿಂತ ಮಿಗಿಲೆಂಬ ಭಾವನೆಗೆ ಎಡೆಯಿರಬಾರದೆಂಬುದು ಅವರ ಉದ್ದೇಶ. ಇಂಥ ಬದಲಾವಣೆಗಳಿದ್ದ ಅವರ ಶಬ್ಬತ್ ಪ್ರಾರ್ಥನಾ ಪುಸ್ತಕ 1945ರಲ್ಲಿ ಹೊರಬಂದಾಗ ಸಂಪ್ರದಾಯಸ್ಥ ರಬ್ಬಿಗಳ ಒಂದು ಒಕ್ಕೂಟ ನ್ಯೂಯಾರ್ಕಿನಲ್ಲಿ ಸಭೆ ಸೇರಿ ಅವರಿಗೆ ಬಹಿಷ್ಕಾರ ಹಾಕಿತು. ಅಲ್ಲಿ ಪುಸ್ತಕದ ಒಂದು ಪ್ರತಿಯನ್ನು ಸುಡಲಾಯಿತು. ಕಪ್ಲಾನ್ ಚಿಂತನೆಯಿಂದ ಬೆಳೆದ ರಿಕನ್‌ಸ್ಟ್ರಕ್ಷನಿಸ್ಟ್ ಪಂಗಡ ಅವರ ಪಾಠವನ್ನು ಉಳಿಸಿಕೊಂಡಿತು. ಉಳಿದ ಬಹುಪಾಲು ಯಹೂದಿಗಳು ಹಳೆಯ ಪಾಠವನ್ನೇ ಹೇಳುತ್ತಾರೆ. ಆಯ್ಕೆ ಎಂದರೆ ಹಿರಿಮೆಯಲ್ಲ, ಹೆಚ್ಚಿನ ಹೊಣೆ ಎಂಬುದು ಅವರಲ್ಲಿ ಅನೇಕರು ಕೊಡುವ ಸಮಾಧಾನ.

ಒಟ್ಟಾರೆ ನೋಡಿದರೆ ಕಟ್ಟಳೆ ಕರ್ತವ್ಯ, ಕೊಡುಗೆ ಎಂಬ ಎರಡು ಪಕ್ಷಗಳಲ್ಲಿ ಯಾವುದನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಯೋಚನೆ, ಬರಹಗಳ ಚರ್ಚೆಯಲ್ಲೂ ಸ್ತುತಿಯ ಬೆನ್ನಿಗೇ ಓದಬೇಕೆಂಬ ನಿಯಮದಲ್ಲೂ ಅದು ಕರ್ತವ್ಯದ ಸ್ತುತಿಯಾಗಿ ನಡೆಯುತ್ತದೆ. ಹೆಂಗಸರ ವಿಷಯದಲ್ಲೂ ಸಭೆಯ ಓದಿನಲ್ಲೂ ಸಂದೇಹ ಬಂದಾಗ ಕೊನೆಗೆ ಉಳಿಯುವ ಮಾತಿನಲ್ಲೂ ಅದು ಕೊಡುಗೆಗೆ ಸಲ್ಲುವ ಕೃತಜ್ಞತೆಯಾಗಿ ನಡೆಯುತ್ತದೆ. ತೂಕ ಕೃತಜ್ಞತೆಯ ಕಡೆಗೇ ತುಸು ಹೆಚ್ಚು: ಶ್ರೇಷ್ಠವೆಂದು ತಾಲ್ಮೂಡ್ ಗುರುತಿಸಿದ್ದೂ, ಸಭೆಯ ಮುಂದೆ ಹೇಳಲು ಆರಿಸಿಕೊಂಡದ್ದೂ ಅದೇ ಸ್ತುತಿಯನ್ನು.